ತಾಯಿಯ ಕುಲದ ಪಂಡಿತ

ಡಾಕ್ಟರ್ ಲಕ್ಷಿತ್ ಉಚ್ಚಿಲದವನು. ಕಾಪುವಿನ ಶಾಲೆಯಲ್ಲಿ ನಾನು ಅವನಿಗೆ ಮೂರು ವರ್ಷ ಕನ್ನಡ ಕಲಿಸಿದ್ದೇನೆ. ಅವನ ತಾಯಿ ರತ್ನಾವತಿ ಆಗ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಶಾಲೆಯ ಗೇಟಿನ ಬಳಿ ಬುಟ್ಟಿ ಇಳಿಸಿ, ಕೈ ತೊಳೆದ ಮೇಲೆಯೇ ಒಳಗೆ ಬಂದು ಮಗನ ಅಂಕ ಕೇಳುವರು.

ಮಗ ಮಣಿಪಾಲದಲ್ಲಿ ಡಾಕ್ಟರೇಟ್ ಪಡೆದದ್ದು ಮೀನು ಮಾರುವ ಮೊಗವೀರ ಹೆಂಗಸರ ಬದುಕಿನ ಮೇಲೆ. ನಮ್ಮಲ್ಲಿ ಕುಲ ತಾಯಿಯಿಂದ ಬರುತ್ತದೆ, ನಾವು ತಾಯಿಯ ಹೆಸರಿನ ಮಕ್ಕಳು ಎಂದು ಅವನು ವೇದಿಕೆಯಲ್ಲಿ ಹೇಳಿದರೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತಂತೆ. ವೇದಿಕೆಯಿಂದ ಇಳಿದ ಮೇಲೆ ಯಾರಾದರೂ ಕೇಳಿದರೆ ಅದೇ ತಾಯಿಗೆ ಮೀನು ರಫ್ತಿನ ವ್ಯವಹಾರ! ಮಣಿಪಾಲದಲ್ಲಿ ಅವನ ಜೊತೆ ಕಲಿಸುತ್ತಿದ್ದ ಕಾರ್ಕಳದ ಮೆಲಿಷಾಗೂ ಹೇಳಿದ್ದು ಅದನ್ನೇ. ಇಬ್ಬರೂ ಮದುವೆಯಾಗುವವರಿದ್ದರು. ಕ್ರೈಸ್ತನಲ್ಲದವನ, ಇಗರ್ಜಿಯ ಹೊರಗಿನ ಸಂಬಂಧವೆಂದು ಆರು ತಿಂಗಳು ಮುನಿದಿದ್ದ ಅವಳ ತಂದೆ ಡೊಮಿನಿಕ್, ನನ್ನ ಹಳೆಯ ಸಹೋದ್ಯೋಗಿ, ಕೊನೆಗೆ ಒಪ್ಪಿದರು. ಹುಡುಗನ ತಾಯಿಯನ್ನು ಒಮ್ಮೆ ನೋಡಬೇಕು ಎಂದಷ್ಟೇ ಕೇಳಿದರು. ತಾಯಿಗೆ ಮೊಣಕಾಲು ನೋವು ಎಂದು ಇವನು ದಿನ ದೂಡುತ್ತಿದ್ದ.

ಆಗ ಜರ್ಮನಿಯಿಂದ ಕಾರ್ಲ್ ಎಂಬ ಪ್ರೊಫೆಸರ್ ಬಂದರು. ಅವರು ಒಂದು ಮಾತು ಹೇಳಿದರೆ ಇವನಿಗೆ ಅಲ್ಲಿ ಸಂಶೋಧಕನ ಹುದ್ದೆ ಸಿಗುವುದಿತ್ತು. ಪ್ರಬಂಧದಲ್ಲಿ ಬಂದ ಕಾಪುವಿನ ಮೀನು ಮಾರುಕಟ್ಟೆಯನ್ನು ನೋಡಬೇಕೆಂದು ಅವರು ಹಟ ಹಿಡಿದರು. ರತ್ನಾವತಿ ಈಗ ಕೂರುವುದೂ ಅಲ್ಲಿಯೇ. ಲಕ್ಷಿತ್ ಜಾಣತನದಿಂದ ಸಂಕ್ರಮಣದ ದಿನವನ್ನು ಆರಿಸಿದ. ಅಂದು ಹಿಂದೂಗಳ ಮನೆಯಲ್ಲಿ ಮೀನಿಲ್ಲ, ಆದುದರಿಂದ ಅಮ್ಮನಿಗೆ ರಜೆ ಎಂಬುದು ಅವನ ಲೆಕ್ಕ. ಕ್ರೈಸ್ತರ ಮನೆಗಳಿಗೆ ಅಂದೂ ಮೀನು ಬೇಕೆಂದು ತಾಯಿ ಎಷ್ಟೋ ವರ್ಷಗಳಿಂದ ಸಂಕ್ರಮಣಕ್ಕೂ ಕೂರುತ್ತಾರೆಂಬುದು ಮುನ್ನೂರು ಪುಟ ಬರೆದ ಪಂಡಿತನಿಗೆ ತಿಳಿದಿರಲಿಲ್ಲ.

ಕಾರ್ಲ್ ಮತ್ತು ಮೆಲಿಷಾರ ಜೊತೆ ಬಂದ ಮಗನನ್ನು ಕಂಡು ರತ್ನಾವತಿ ಎದ್ದು ನಿಂತರು. ಇವರು ತನ್ನ ಸಂಶೋಧನೆಗೆ ಮಾಹಿತಿ ಕೊಟ್ಟವರು ಎಂದು ಅವನು ಇಂಗ್ಲಿಷಿನಲ್ಲಿ ಪರಿಚಯಿಸಿದ. ಲಕ್ಷಿತ್ ನಿಮಗೆ ಮೊದಲಿಂದ ಗೊತ್ತುಂಟಾ ಎಂದು ಮೆಲಿಷಾ ಕನ್ನಡದಲ್ಲಿ ಕೇಳಿದಳು. ರತ್ನಾವತಿ ಮಗನ ಮುಖ ನೋಡಿದರು.

"ನಮ್ಮ ಊರಿನ ಹುಡುಗ. ತುಂಬಾ ಓದಿದ್ದಾನೆ."

ಪಕ್ಕದಲ್ಲಿ ಬಂಗುಡೆ ಜೋಡಿಸುತ್ತಿದ್ದ ಶರ್ಮಿಳಾ ತಲೆ ಎತ್ತಿದಳು. "ಹೆತ್ತ ಮಗನನ್ನು ಊರಿನ ಹುಡುಗ ಅಂತೀರಲ್ಲ ರತ್ನಕ್ಕ, ಎಂತ ಆಯ್ತು ನಿಮಗೆ ಮಾರಾಯ್ರೆ?"

ಕಾರ್ಲ್‌ಗೆ ಕನ್ನಡ ಬಾರದು. ಫೋಟೋ ತೆಗೆಯುತ್ತಲೇ ಇದ್ದರು. ಮೆಲಿಷಾ ರತ್ನಾವತಿಯ ಕೈ ಹಿಡಿದು ತನ್ನ ಹೆಸರು ಹೇಳಿದಳು. ಬಳಿಕ ಲಕ್ಷಿತ್‌ನ ಕಡೆಗೆ ತಿರುಗಿದಳು.

"ನೀನು ಪ್ರೊಫೆಸರ್ ಜೊತೆ ಕಾರಿನಲ್ಲಿ ಹೋಗು. ನಾನು ಬಸ್ಸಿಗೆ ಹೋಗುತ್ತೇನೆ."

ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಹುದ್ದೆ ಸಿಕ್ಕಿತು. ಮೀನುಗಾರರ ಮಗ, ಕಪ್ಪು ಮೈಯವನು ಎಂಬ ಕಾರಣಕ್ಕೆ ಪ್ರೀತಿಸಿದವಳೇ ಕೈಬಿಟ್ಟಳೆಂದು ಅವನೀಗ ಜರ್ಮನಿಯಲ್ಲಿ ಭಾಷಣ ಮಾಡುತ್ತಾನೆ, ಬಿಳಿಯರು ಕಣ್ಣೊರೆಸಿಕೊಳ್ಳುತ್ತಾರೆ. ತಾಯಿಗೂ ಫೋನಿನಲ್ಲಿ ಅದನ್ನೇ ಹೇಳಿದ್ದಾನೆ.

"ನನ್ನ ಕಸುಬಿನಿಂದ ಅವನ ಮದುವೆ ತಪ್ಪಿತು ಮಾಸ್ಟ್ರೆ," ಎಂದರು ರತ್ನಾವತಿ.

ಅಲ್ಲವೆಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಅಷ್ಟು ಓದಿದವನು ಸುಳ್ಳು ಹೇಳುತ್ತಾನೆಯೇ ಎಂದು ನನ್ನನ್ನೇ ಕೇಳಿದರು.