ನಾರುವ ಮರದ ತೊಗಟೆ

ಅಕ್ಕನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕರೆಂಟು, ಅಂದರೆ ವಿಕಿರಣ, ಕೊಟ್ಟು ಮುಗಿಸಿದ ಮೇಲೂ ಅದು ಮರಳಿ ಬಂದಿತ್ತು. ವೈರಸ್ಸಿನಿಂದ ಶುರುವಾಗುವ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಭಾವ, "ವೈರಸ್ ಅಂದ್ರೆ ಶೀತ ಜ್ವರ ಅಲ್ದಾ? ಅದ್ಕೆ ಕಷಾಯ ಸಾಕಲೆ" ಎಂದಿದ್ದರು. ನಾನು ನಕ್ಕಿದ್ದೆ.

ನಾನಾಗ ಕುಂದಾಪುರದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿದ್ದೆ. ಇನ್ನು ಕೊಡಲಿದ್ದ ಡ್ರಿಪ್ಪಿನ ಔಷಧಿಯ ಹೆಸರನ್ನು ಪುಸ್ತಕದಲ್ಲಿ ಹುಡುಕಿದೆ. ಅದರ ಮೂಲ ಸಿಗುವುದು ನಮ್ಮ ಘಟ್ಟದ ಕಾಡಿನ ಒಂದು ಮರದಲ್ಲಿ. ಹೂ ಬಿಟ್ಟರೆ ಮೂಗು ಮುಚ್ಚಿಕೊಳ್ಳಬೇಕಾದ ಮರ. ಡ್ರಿಪ್ ಎಂದರೆ ಹೆದರುತ್ತಿದ್ದ ಅಕ್ಕನಿಗೆ ಧೈರ್ಯ ಬರಲೆಂದು, ಕೆರಾಡಿಯ ಅವಳ ಮನೆಗೆ ಹೋದಾಗ ಇದನ್ನು ಹೇಳಿದೆ.

"ಆ ನಾರು ಮರವಾ? ನಮ್ಮ ಹಾಡಿಯಂಗೆ ಬೇಕಾದಷ್ಟ್ ಇತ್ತಲೆ ಮಾರಾಯ್ತಿ!" ಎಂದರು ಭಾವ, ಹಿತ್ತಿಲಾಚೆಯ ಕಾಡಿನತ್ತ ಕೈ ತೋರಿಸಿ. "ಮನಿ ಹಿಂದೆ ಇಪ್ಪುದ್ ಬಿಟ್ಟ್ ಅಷ್ಟ್ ದೂರ ಎಂತಕೆ ಹೋಪುದ್?"

"ಹಾಂಗಲ್ಲ ಭಾವಾ, ತೊಗಟೆಯಿಂದ ಔಷಧಿಯನ್ನ ಬೇರೆ ಮಾಡಿ, ಅಳ್ದು..." ಎನ್ನುವಷ್ಟರಲ್ಲಿ ಕುಂದಾಪುರದ ಕೊನೆಯ ಬಸ್ಸಿನ ಹಾರ್ನ್ ಕೇಳಿಸಿತು. ಮಕ್ಕಳಿಗೆ ಹನಿ ಹನಿ ಅಳೆಯಲು ಕಲಿಸುತ್ತಿದ್ದ ನಾನು, ಉಳಿದದ್ದನ್ನು ಮುಂದಿನ ವಾರ ಹೇಳಿದರಾಯಿತು ಎಂದು ಓಡಿದೆ.

ಆಸಾಡಿ ಅಮಾವಾಸ್ಯೆಗೆ ನಮ್ಮಲ್ಲಿ ಹಾಲೆ ಮರದ ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ಕಲ್ಲಿನಿಂದ ಜಜ್ಜಿ ತೆಗೆಯುತ್ತಾರೆ. ಕಬ್ಬಿಣ ತಾಗಿಸುವುದಿಲ್ಲ. ಅರೆದು ಹಿಂಡಿದ ರಸವನ್ನು, ಕಾಯಿಲೆ ಬಾರದಿರಲೆಂದು, ಬರೀ ಹೊಟ್ಟೆಯಲ್ಲಿ ಕುಡಿಯುವುದು. ಭಾವ ಅಮಾವಾಸ್ಯೆಗೆ ಕಾಯದೆ ಈ ನಾರುವ ಮರಕ್ಕೂ ಅದೇ ಕ್ರಮ ಹಿಡಿದರು. ಆಸ್ಪತ್ರೆಯ ಮಾತ್ರೆಗಳನ್ನು, ಎರಡೂ ಸೇರಬಾರದೆಂದು, ಎತ್ತಿಟ್ಟರು. ವಾರ ಕಳೆದು ನಾನು ಹೋಗುವಾಗ ಮೂರು ಬೆಳಿಗ್ಗೆ ಕುಡಿಸಿ ಆಗಿತ್ತು.

"ಹ್ವಾಯ್, ಬೇಗ ಬಾ," ಭಾವ ಅಂಗಳದಿಂದಲೇ ಕೂಗಿದರು. "ಇವ್ಳಿಗೆ ನಿಂತ್ಕಂಬುಕೂ ಆತಿಲ್ಲೆ."

ಜೀಪಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲಿತ್ತು. ವಾಂತಿ, ಭೇದಿ, ಆಮೇಲೆ ರಕ್ತ. ಕಿರಿದಾದ ಸೇತುವೆಯೊಂದರ ಮೇಲೆ ಕೆಂಪುಕಲ್ಲಿನ ಲಾರಿ ಕೆಟ್ಟು ನಿಂತಿತ್ತು. ನಾಡಿ ಬೆರಳಿಗೆ ಸಿಗುತ್ತಿತ್ತು, ತಪ್ಪುತ್ತಿತ್ತು. ಈಗಲೂ ಬಸ್ಸು ಆ ಸೇತುವೆ ಹತ್ತಿದರೆ ನನ್ನ ಬೆರಳು ನನ್ನದೇ ಮಣಿಕಟ್ಟನ್ನು ಹುಡುಕುತ್ತದೆ.

"ಎಷ್ಟು ಕುಡಿಸಿದಿರಿ?" ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

"ಒಂದೊಂದ್ ಲೋಟ," ಎಂದ ಭಾವ ಹೆದರಿ ಕೇಳಿದರು, "ಕಮ್ಮಿ ಆಯ್ತಾ?"

ಅಕ್ಕ ಆ ಸಲ ಉಳಿದಳು. ಆದರೆ ರಕ್ತದ ಕಣಗಳು ಪೂರಾ ಇಳಿದಿದ್ದವು. ಡ್ರಿಪ್ಪನ್ನು ಮೊದಲು ಮುಂದೆ ಹಾಕಿದರು, ಆಮೇಲೆ ಅದರ ಮಾತನ್ನೇ ಬಿಟ್ಟರು. ಕೊಟ್ಟಿದ್ದರೂ ಎಷ್ಟು ದಿನ ಸಿಗುತ್ತಿತ್ತೋ, ಗೊತ್ತಿಲ್ಲ. ಮಳೆಗಾಲ ಬರುವ ಮೊದಲೇ ಅವಳು ಹೋದಳು.

ಅಕ್ಕನ ಉತ್ತರಕ್ರಿಯೆಯ ದಿನ, ಬೊಜ್ಜದ ಊಟ ಮುಗಿದ ಮೇಲೆ ಭಾವ ನನ್ನ ಪಕ್ಕ ಬಂದು ಕುಳಿತರು.

"ಅವತ್ತ್ ಬಸ್ ಬಂತಲೆ, ನೀನ್ ಎಂತದೋ ಹೇಳುಕೆ ಹೊರ್ಟಿದ್ದೆ. ಎಂತದ್ ಅದ್?"

"ಎಂತದೂ ಇಲ್ಲ ಭಾವಾ," ಎಂದೆ.