ಪ್ಲಾಸ್ಟರಿನ ಮೇಲೆ ‘ನಾಳೆ ಬಾ’

ಮೊನ್ನೆ ಹರಿಹರದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಗೆ ಕೂತಿದ್ದೆ. ಹತ್ತಿಯಿಂದ ತೋಳು ಒರೆಸಿದ್ದೇ ತಡ, ಆ ಸ್ಪಿರಿಟ್ ವಾಸನೆಗೆ ದಾವಣಗೆರೆಯ ಮಕ್ಕಳ ವಾರ್ಡು ಕಣ್ಣ ಮುಂದೆ ಬಂತು. ಅದರ ಜೊತೆಗೆ ಸಿಸ್ಟರಕ್ಕ... ನನ್ನ ಮಗಳು ಅಲ್ಲಿನ ನರ್ಸನ್ನು ಕರೆಯುತ್ತಿದ್ದದ್ದೇ ಹಾಗೆ.

ಮಗಳಿಗೆ ಆಗ ಐದು ವರ್ಷ, ರಕ್ತದ ಕ್ಯಾನ್ಸರ್. ಸೂಜಿ ಕಂಡರೆ ಚೀರುತ್ತಿದ್ದವಳು ಸಿಸ್ಟರಕ್ಕನಿಗೆ ಮಾತ್ರ ತಾನಾಗಿ ಕೈ ಚಾಚುತ್ತಿದ್ದಳು. ಅವರು ನರ ಹುಡುಕಿ, ಡ್ರಿಪ್ಪಿನ ಸೂಜಿ ಕೂರಿಸಿ, ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ಪೆನ್ನಿನಿಂದ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ದೆವ್ವ ಒಳಗೆ ಬಾರದಿರಲೆಂದು ಜನ ಬಾಗಿಲ ಮೇಲೆ ಬರೆಯುವ ಮಾತು ಅದು.

“ಇದೇನ್ರಿ ಸಿಸ್ಟರ್?” ಎಂದರೆ, “ಇರ್ಲಿ ಬಿಡ್ರಿ, ಬಂದೋರು ಓದ್ಕೊಂಡು ವಾಪಸ್ ಹೋಗ್ತಾರೆ” ಎಂದು ನಗುತ್ತಿದ್ದರು. ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಲೇ ಮಗಳು ಓದುವುದು ಕಲಿತಳು.

ಒಮ್ಮೆ ಆಸ್ಪತ್ರೆಯ ಆಫೀಸಿನ ಹುಡುಗಿಯೊಬ್ಬಳು ಹೆತ್ತವರನ್ನೆಲ್ಲ ಕೇಳುತ್ತ ಬಂದಳು. “ನರ್ಸಿಂಗ್ ಸೇವೆ ತೃಪ್ತಿ ಐತೇನ್ರಿ?” ಪಕ್ಕದ ಹಾಸಿಗೆಯ ಮಗುವಿನ ಅಪ್ಪ, “ಈಯಮ್ಮ ಡ್ಯೂಟಿಯಾಗಿದ್ರೆ ನಮಗೂ ನಿದ್ದೆ ಬರ್ತೈತ್ರಿ” ಎಂದ. ನಾನೂ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಔಷಧಿಗಿಂತ ನನಗೆ ಆ ಬರಹದ ಮೇಲೆಯೇ ನಂಬಿಕೆ. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ.

ಆಮೇಲೆ ಒಂದು ಮಧ್ಯಾಹ್ನ... ವಾರ್ಡಿನ ತುಂಬ ಬಿಸಿಲು. ಜ್ವರದಲ್ಲಿದ್ದ ಮಗಳು ಬಾಗಿಲ ಕಡೆ ಕೈ ಎತ್ತಿ ಪ್ಲಾಸ್ಟರ್ ತೋರಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ, “ಸಿಸ್ಟರಕ್ಕ, ಆ ಅಜ್ಜಿಗೆ ಓದಾಕೆ ಬರಲ್ಲಂತೆ” ಎಂದಳು.

ಬಾಗಿಲಲ್ಲಿ ಯಾರೂ ಇರಲಿಲ್ಲ. ಸಿಸ್ಟರಕ್ಕ ನಗಲಿಲ್ಲ. ಬಾಗಿಲಿಗೂ ಹಾಸಿಗೆಗೂ ನಡುವೆ ನಿಂತು, ಖಾಲಿ ಬಾಗಿಲಿಗೆ ಮೆಲ್ಲಗೆ, “ನಾಳೆ ಬಾರವ್ವಾ” ಎಂದರು. ಡ್ಯೂಟಿ ಮುಗಿದರೂ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಜ್ವರ ಇಳಿದಿತ್ತು. ಮಗಳು ಮಂಡಕ್ಕಿ ಕೇಳಿ ತಿಂದಳು, ನಕ್ಕಳು. ಮಧ್ಯಾಹ್ನ ಹೋಗಿಬಿಟ್ಟಳು.

ಬರೆದ ‘ನಾಳೆ’ ದಿನವೂ ನಾಳೆಯೇ. ಬಾಯಲ್ಲಿ ಹೇಳಿದ ನಾಳೆ ಮರುದಿನ ಬಂದೇ ಬರುತ್ತದೆ. ಸಿಸ್ಟರಕ್ಕ ನನ್ನ ಕೈ ಹಿಡಿದು, “ಬಾಯಾಗೆ ಹೇಳಬಾರ್ದಿತ್ರಿ ನಾನು” ಎಂದು ಅತ್ತರು. ಆಮೇಲೆ ಕೆಲಸ ಬಿಟ್ಟರೆಂದು ಕೇಳಿದೆ. ಈಗ ಎಲ್ಲಿದ್ದಾರೋ... ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಒಂದು ಬೆಳಗನ್ನು ನನಗೆ ಕೊಡಿಸಿದವರು ಅವರೇ. ಅದನ್ನು ಅವರಿಗೆ ಹೇಳಲಾಗಲಿಲ್ಲವಲ್ಲ ಎಂಬ ಸಂಕಟ ಹೋಗಿಲ್ಲ.

ಗುತ್ತೂರಿನ ನಮ್ಮ ಮನೆ ಬಾಗಿಲ ಮೇಲೂ ಅತ್ತೆ ಅದನ್ನೇ ಬರೆಸಿದ್ದರು. ಈಚೆಗೆ ನಾನು ಉಜ್ಜಿ ಅಳಿಸಿದೆ. “ಯಾಕವ್ವಾ?” ಎಂದು ಕೇಳಿದರು. ನನ್ನ ಮಗಳಿಗೆ ಓದಲು ಬರುತ್ತದೆ. ಬಂದವಳು ಓದಿಕೊಂಡು ವಾಪಸ್ ಹೋಗಿಬಿಟ್ಟರೆ?