ತಮ್ಮನ ಬೆರಳು ಕಾಯುವ ಕಣ್ಣಕ್ಕ

ಹೊರಗೆ ಬೆಳಕು ಹರಿಯುವ ಹೊತ್ತಿಗೆ ಈಕೆ ಕಿಟಕಿ ಮುಚ್ಚಿ ಕತ್ತಲೆ ಮಾಡಿಕೊಳ್ಳುತ್ತಾರೆ. ಬೂದು ಗೋಡೆಯ ಪುಟ್ಟ ಕೋಣೆ, ಅಕ್ಕಪಕ್ಕ ಎರಡು ಟಿವಿ, ಎರಡರಲ್ಲೂ ಒಂದೇ ಫುಟ್‌ಬಾಲ್ ಪಂದ್ಯ. ಎಡಗಡೆಯದು ಅಸಲಿ ವಿಡಿಯೊ. ಬಲಗಡೆಯದು ಇಂಟರ್‌ನೆಟ್‌ನಲ್ಲಿ ಸಲೀಸಾಗಿ ಹೋಗಲೆಂದು ಕುಗ್ಗಿಸಿದ್ದು. ಕುಗ್ಗಿಸುವಾಗ ಚಿತ್ರ ಎಷ್ಟು ಕೆಟ್ಟಿದೆ ಎಂದು ನೋಡಿ ಅಂಕ ಕೊಡುವುದೇ ಇವರ ಕೆಲಸ. ಗೋಲು ಬಿದ್ದರೂ ಇವರ ದೃಷ್ಟಿ ಹುಲ್ಲಿನ ಮೇಲೆಯೇ. "ಇಲ್ಲಿ ಅಂಟಂಟಾಗಿದೆ ನೋಡಿ," ಎನ್ನುತ್ತಾರೆ. ಇವರ ಬಗ್ಗೆ ಬರೆಯಲೆಂದು ಬಂದ ನನಗೇನೋ ಹುಲ್ಲು ಹುಲ್ಲಾಗಿಯೇ ಕಂಡಿತು.

ಕಚೇರಿಯಲ್ಲಿ ಎಲ್ಲರಿಗೂ ಇವರು ಕಣ್ಣಕ್ಕ. ಫೋಟೊ ಸ್ಟುಡಿಯೊ ಮುಚ್ಚಿ ಕೆಲಸ ಹೋದಾಗ ಸಿಕ್ಕ ನೌಕರಿ ಇದು. ದಿನಕ್ಕೆ ಇನ್ನೂರು ತುಣುಕು ನೋಡಬೇಕು, ಅದೂ ಕಣ್ಣು ದಣಿಯುವ ಮೊದಲೇ. "ಇವಳ ಜೊತೆ ಸಿನಿಮಾ ನೋಡೋದು ಯಾರಿಗೆ ಬೇಕು? ಹೀರೊ ಸಾಯ್ತಿದ್ರೆ, ಹಿಂದಿನ ಗೋಡೆ ಚೌಕಚೌಕ ಆಗಿದೆ ಅಂತಾಳೆ," ಎಂದು ತಾಯಿಯ ದೂರು.

ಇವರ ತಮ್ಮನಿಗೆ ಹುಟ್ಟಿನಿಂದಲೂ ಕಿವಿ ಕೇಳದು. ದೂರದ ದೋಣಿ ಕಟ್ಟುವ ಅಂಗಳದಲ್ಲಿ ಬಡಗಿ. ಅಕ್ಕ ತಮ್ಮನ ಮಾತುಕತೆ ಏನಿದ್ದರೂ ವಿಡಿಯೊ ಕರೆಯಲ್ಲಿ, ಸನ್ನೆಯಲ್ಲಿ. ನೆಟ್ ನಿಧಾನವಾದರೆ ಬೇಗಬೇಗ ಆಡುವ ಬೆರಳುಗಳೇ ಮೊದಲು ಕಲಸಿಹೋಗುತ್ತಿದ್ದವು.

"ಗೋಡೆ ಸ್ಪಷ್ಟ, ಕೈ ಮಾತ್ರ ಹಿಟ್ಟಿನ ಮುದ್ದೆ ಥರ. ಪಾಪ, ಚಿಕ್ಕ ಮಕ್ಕಳಿಗೆ ಹೇಳೋ ಹಾಗೆ ಒಂದೊಂದೇ ಸನ್ನೆ ಮಾಡ್ತಿದ್ದ. ಊಟ ಆಯ್ತಾ, ಹುಷಾರಾ, ಅಷ್ಟೇ. ತಮಾಷೆಗೆ ವೇಗ ಬೇಕಲ್ವಾ? ಅದನ್ನೇ ಬಿಟ್ಟುಬಿಟ್ಟ. ನನ್ನ ತಮ್ಮ ನನ್ನ ಹತ್ರ ಔಪಚಾರಿಕವಾಗಿ ಮಾತಾಡ್ತಾನಲ್ಲ ಅಂತ ಅಳು ಬರ್ತಿತ್ತು."

ಪರೀಕ್ಷೆಯ ತುಣುಕುಗಳಲ್ಲಿ ಆಟವಿತ್ತು, ಸಮುದ್ರವಿತ್ತು, ಸನ್ನೆ ಮಾಡುವವರು ಒಬ್ಬರೂ ಇರಲಿಲ್ಲ. ರಜೆಗೆ ಬಂದ ತಮ್ಮ ಕಾಲುಚೀಲಕ್ಕಾಗಿ ತಾಯಿಯ ಜೊತೆ ಸನ್ನೆಯಲ್ಲೇ ಜಗಳವಾಡುವುದನ್ನು ಕಣ್ಣಕ್ಕ ಚಿತ್ರೀಕರಿಸಿ ತಂದರು. "ನಮಗ್ಯಾರಿಗೂ ಇದು ಹೊಳೆದೇ ಇರ್ಲಿಲ್ಲ. ನಾವು ಕುಗ್ಗಿಸಿ ಕೊಟ್ಟ ಆ ತುಣುಕಿಗೆ ಇವರು ಸೊನ್ನೆ ಹಾಕಿ ಕೂತ್ಬಿಟ್ರು," ಎಂದು ವಿಡಿಯೊ ಕುಗ್ಗಿಸುವ ತಂತ್ರಾಂಶದ ಎಂಜಿನಿಯರ್ ನಗುತ್ತಾರೆ. ತಿಂಗಳುಗಟ್ಟಲೆ ತಿದ್ದಿದ ಮೇಲೆ, ನೆಟ್ ನಿಧಾನವಾದಾಗ ಕೈಬೆರಳುಗಳನ್ನು ಮೊದಲು ಸ್ಪಷ್ಟವಾಗಿ ಉಳಿಸುವ ಹೊಸ ಆವೃತ್ತಿ ಸಿದ್ಧವಾಗಿದೆ. ನಿನ್ನೆ ಅದು ತಮ್ಮನ ಫೋನಿಗೂ ಹೋಗಿದೆ.

ನಾನು ಹೊರಡುವಷ್ಟರಲ್ಲಿ ಅವನದೇ ಕರೆ. ಅಲ್ಲಿ ಇಂದೂ ನೆಟ್ ಆಮೆಗತಿಯಲ್ಲೇ ಇದೆ. ಅವನ ಬೆನ್ನ ಹಿಂದಿನ ದೋಣಿಗಳೆಲ್ಲ ಮಸುಕು, ಬೆರಳುಗಳು ಮಾತ್ರ ಕುಣಿಯುತ್ತಿವೆ. ಕಣ್ಣಕ್ಕ ಬಿದ್ದು ಬಿದ್ದು ನಗುತ್ತಾರೆ.

"ಏನಂತೆ?" ಎಂದು ಕೇಳುತ್ತೇನೆ.

"ನಿಮ್ಮನ್ನೇ ಆಡ್ಕೊಳ್ತಿದ್ದಾನೆ. ಇವರ ಮೂಗು ಬಾಗಿಲಿಗೆ ಮೊದಲು ಬಂತಾ, ಇವರು ಬಂದ್ರಾ ಅಂತ."

ಮೂಗು ಸವರಿಕೊಳ್ಳುತ್ತಾ ನಾನೂ ನಗುತ್ತೇನೆ. ಆಕೆ ಕಣ್ಣೊರೆಸಿಕೊಂಡು ಹೇಳುತ್ತಾರೆ: "ಇವತ್ತು ನನಗೋಸ್ಕರ ಅವನು ನಿಧಾನ ಮಾಡ್ಲಿಲ್ಲ, ಗಮನಿಸಿದ್ರಾ?"